ಕೋಲಾರ ಚಿನ್ನದ ಗಣಿ ಪಟ್ಟಣ (ಕೆ.ಜಿ.ಎಫ್.): ಹಿನ್ನೆಲೆ ಹಾಗೂ ಅರ್ಜಿದಾರರಿಗೆ ಮಾಹಿತಿ

ಕೋಲಾರ ಜಿಲ್ಲೆಯ ಕೆ.ಜಿ.ಎಫ್. ಪಟ್ಟಣದ ನಿವಾಸಿಗಳು ಹಾಗೂ ಅಲ್ಲಿಂದ ಬೇರೆಡೆಗೆ ಹೋಗಿ ನೆಲೆಸಿರುವ ಕುಟುಂಬದವರು ಜಾತಿ, ವಾಸಸ್ಥಳ, ಜನನ ಮುಂತಾದ ಪ್ರಮಾಣಪತ್ರಗಳಿಗಾಗಿ ಅರ್ಜಿ ಸಲ್ಲಿಸುವಾಗ, ತಮ್ಮ ತಂದೆ ಅಥವಾ ಅಜ್ಜನ ಕಾಲದ ಕಾಗದಪತ್ರಗಳನ್ನು ಲಗತ್ತಿಸುವುದು ವಾಡಿಕೆ. ಈ ಕಾಗದಗಳಲ್ಲಿ ಇಂದು ಬಳಕೆಯಲ್ಲಿಲ್ಲದ ಊರಿನ ಹೆಸರುಗಳು, ಇಂದು ಅಸ್ತಿತ್ವದಲ್ಲಿಲ್ಲದ ಕಂಪನಿಗಳ ಮೊಹರುಗಳು ಇರುತ್ತವೆ. ಅವುಗಳ ಅರ್ಥ ತಿಳಿಯದ ಕಾರಣ ಅರ್ಜಿದಾರರು ಉಪಯುಕ್ತವಾದ ದಾಖಲೆಯನ್ನೇ ಮನೆಯಲ್ಲಿ ಬಿಟ್ಟುಬರುವುದೂ ಉಂಟು. ಆದ್ದರಿಂದ ಪಟ್ಟಣದ ಹುಟ್ಟು, ಬೆಳವಣಿಗೆ ಮತ್ತು ಇಳಿಗಾಲದ ವಿವರಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಈ ಪುಟದಲ್ಲಿ ನೀಡಲಾಗಿದೆ.

ಊರಿನ ಹೆಸರುಗಳು

ಕೆ.ಜಿ.ಎಫ್. ಎಂಬುದು ಮೂಲತಃ ಒಂದು ಊರಿನ ಹೆಸರಲ್ಲ. ಉತ್ತರ ದಕ್ಷಿಣವಾಗಿ ಸಾಗುವ ಚಿನ್ನದ ಅದುರಿನ ಪಟ್ಟಿಯ ಮೇಲೆ ಸಾಲಾಗಿ ತೋಡಲಾದ ಗಣಿಗಳು ಮತ್ತು ಅವುಗಳ ಸುತ್ತ ಬೆಳೆದ ವಸತಿಗಳ ಒಟ್ಟು ಹೆಸರು ಅದು. ಮಾರಿಕುಪ್ಪಂ, ಚಾಂಪಿಯನ್ ರೀಫ್, ಉರಿಗಾಂ, ಕೋರಮಂಡಲ್ ಇವೆಲ್ಲವೂ ಇದೇ ಪಟ್ಟಣದ ಭಾಗಗಳು. ಆಂಡರ್ಸನ್‌ಪೇಟೆ ಮತ್ತು ರಾಬರ್ಟ್‌ಸನ್‌ಪೇಟೆ ಗಣಿಯ ಹೊರ ಅಂಚಿನಲ್ಲಿ ಬೆಳೆದ ವ್ಯಾಪಾರದ ಪೇಟೆಗಳು. ರಾಬರ್ಟ್‌ಸನ್‌ಪೇಟೆಗೆ ಮೈಸೂರು ಸಂಸ್ಥಾನದಲ್ಲಿ ರೆಸಿಡೆಂಟ್ ಆಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರನ್ನು ಇಡಲಾಗಿದೆ. ನಗರಸಭೆಯ ಹೆಸರೂ ಜನಗಣತಿಯಲ್ಲಿ ಪಟ್ಟಣಕ್ಕೆ ಇರುವ ಹೆಸರೂ ರಾಬರ್ಟ್‌ಸನ್‌ಪೇಟೆ ಎಂದೇ ಇರುವುದರಿಂದ, ಕೆ.ಜಿ.ಎಫ್. ಎಂಬ ಹೆಸರನ್ನು ಹುಡುಕಿ ಕಾಣದೆ ಗೊಂದಲಕ್ಕೊಳಗಾಗುವ ಅಗತ್ಯವಿಲ್ಲ. 2011ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 1.6 ಲಕ್ಷ.

ಹಳೆಯ ಕಾಗದಗಳಲ್ಲಿ ಕಾಣುವ ಬೌರಿಂಗ್‌ಪೇಟೆ ಎಂಬುದು ಇಂದಿನ ಬಂಗಾರಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರಿಂದ ಬಂದ ಹೆಸರು ಅದು. ಕೆ.ಜಿ.ಎಫ್. ಪ್ರದೇಶವು ದೀರ್ಘಕಾಲ ಬಂಗಾರಪೇಟೆ ತಾಲ್ಲೂಕಿಗೆ ಸೇರಿತ್ತು. 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪೈಕಿ ಕೆ.ಜಿ.ಎಫ್. ಸಹ ಒಂದು. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಬಂಗಾರಪೇಟೆ ತಾಲ್ಲೂಕು ಎಂದು ನಮೂದಾಗಿರುವುದು ಸಹಜ. ಅದೊಂದೇ ಕಾರಣದಿಂದ ದಾಖಲೆಯು ತಪ್ಪಾಗುವುದಿಲ್ಲ.

ಗಣಿಗಾರಿಕೆಯ ಆರಂಭ

ಈ ಸೀಮೆಯಲ್ಲಿ ಚಿನ್ನ ಸಿಗುತ್ತದೆ ಎಂಬುದು ಬ್ರಿಟಿಷರು ಬರುವ ಮೊದಲೇ ಹಳ್ಳಿಗರಿಗೆ ತಿಳಿದಿತ್ತು. ಮೈಸೂರಿನ ಪೂರ್ವ ಗಡಿಯ ಮೋಜಣಿಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಉರಿಗಾಂ ಮತ್ತು ಮಾರಿಕುಪ್ಪಂ ಸುತ್ತಮುತ್ತಲ ಜನರು ಮಣ್ಣನ್ನು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದನು. ಆ ವರದಿ ಹಲವು ದಶಕಗಳ ಕಾಲ ಹೆಚ್ಚು ಫಲ ಕೊಡಲಿಲ್ಲ. ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆ ಸಲ್ಲಿಸಿ ಬೆಂಗಳೂರಿನಲ್ಲಿ ನೆಲೆಸಿದ್ದ ಐರ್ಲೆಂಡ್ ಮೂಲದ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್ ಎಂಬಾತ 1873ರಲ್ಲಿ ಮೈಸೂರು ಸರ್ಕಾರಕ್ಕೆ ಗಣಿ ಪರವಾನಗಿ ಕೋರಿ ಅರ್ಜಿ ಸಲ್ಲಿಸಿದನು. ಬೆಂಗಳೂರಿನ ಲವೆಲ್ ರಸ್ತೆಗೆ ಇವನದೇ ಹೆಸರು. ಬಂಡವಾಳ ಸಾಲದೆ ಕೆಲವೇ ವರ್ಷಗಳಲ್ಲಿ ಆತ ತನ್ನ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬೇಕಾಯಿತು. ಈ ಪಟ್ಟಣದ ಚರಿತ್ರೆಯೇ ಒಂದು ಅರ್ಜಿಯಿಂದ ಆರಂಭವಾಯಿತು ಎಂಬುದನ್ನು ಅರ್ಜಿದಾರರು ಗಮನಿಸಬಹುದು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿಗೆ ಪ್ರವೇಶಿಸಿತು. ಮೊದಲ ಕೆಲವು ವರ್ಷ ಹಾಕಿದ ಹಣವೆಲ್ಲ ಮುಗಿದು ಕೆಲಸ ನಿಲ್ಲಿಸುವ ಹಂತ ಬಂದಾಗ, ಪ್ರಾಚೀನರು ತೋಡಿ ಬಿಟ್ಟಿದ್ದ ಗುಂಡಿಗಳ ಬಳಿಯೇ ಕೆಳಗೆ ಅಗೆದು ನೋಡಲಾಯಿತು. ಅಲ್ಲಿ ಚಾಂಪಿಯನ್ ಎಂದು ಹೆಸರಾದ ಸಮೃದ್ಧ ಅದುರಿನ ಎಳೆ ದೊರೆಯಿತು. ಆ ಬಳಿಕ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಾಘಾಟ್ ಎಂಬ ಹೆಸರುಗಳಲ್ಲಿ ಪ್ರತ್ಯೇಕ ಕಂಪನಿಗಳು ಕೆಲಸ ನಡೆಸಿದವು. ಕಂಪನಿಗಳು ಬೇರೆಬೇರೆಯಾದರೂ ಆಡಳಿತ ಬಹುಮಟ್ಟಿಗೆ ಟೇಲರ್ ಸಂಸ್ಥೆಯ ಕೈಯಲ್ಲಿಯೇ ಇತ್ತು. 1905ರ ಸುಮಾರಿಗೆ ವಾರ್ಷಿಕ ಉತ್ಪಾದನೆ 6 ಲಕ್ಷ ಔನ್ಸ್, ಅಂದರೆ ಸುಮಾರು 19 ಟನ್ ಮುಟ್ಟಿತ್ತು. ಲಾಭಾಂಶವು ಲಂಡನ್ನಿನ ಷೇರುದಾರರಿಗೆ, ರಾಜಧನವು ಮೈಸೂರು ಸರ್ಕಾರಕ್ಕೆ ಸಂದಾಯವಾಗುತ್ತಿತ್ತು. ಸಂಸ್ಥಾನದ ಆಯವ್ಯಯದಲ್ಲಿ ಈ ರಾಜಧನ ಒಂದು ಮುಖ್ಯ ಬಾಬು.

ರೈಲು, ವಿದ್ಯುತ್ತು, ನೀರು

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಸುಮಾರು 10 ಮೈಲಿ ಉದ್ದದ ರೈಲು ಮಾರ್ಗ 1894ರಲ್ಲಿ ಸಂಚಾರಕ್ಕೆ ತೆರೆಯಿತು. ಯಂತ್ರಗಳಿಗೆ ಬೇಕಾದ ಹಬೆಗಾಗಿ ಸುತ್ತಣ ಕಾಡಿನ ಸೌದೆಯನ್ನೂ ಹೊರಗಿನಿಂದ ತರಿಸಿದ ಕಲ್ಲಿದ್ದಲನ್ನೂ ಉರಿಸಬೇಕಿತ್ತು. ಇದು ದುಬಾರಿಯಾದ ಕಾರಣ ಕಾವೇರಿ ನದಿಯ ಶಿವನಸಮುದ್ರ ಜಲಪಾತದಿಂದ ವಿದ್ಯುತ್ ತರುವ ಯೋಜನೆ ರೂಪುಗೊಂಡಿತು. 1902ರ ಜೂನ್ 30ರಂದು ಸುಮಾರು 92 ಮೈಲಿ ದೂರದ ತಂತಿಯ ಮೂಲಕ ಗಣಿಗಳಿಗೆ ವಿದ್ಯುತ್ ತಲುಪಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಪೈಕಿ ಒಂದಾಗಿತ್ತು. ಬೆಂಗಳೂರು ನಗರಕ್ಕೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಗಣಿಗೆ ಬಂದ ಮೂರು ವರ್ಷದ ಮೇಲೆ. ಕುಡಿಯುವ ನೀರನ್ನು ಪಾಲಾರ್ ನದಿಯ ಬೇತಮಂಗಲ ಜಲಾಶಯದಿಂದ ತರಲಾಯಿತು.

ಇಷ್ಟೆಲ್ಲ ಸೌಕರ್ಯ ಬಂದದ್ದು ಗಣಿಗಾಗಿ. ಜನರಿಗೆ ದೊರೆತದ್ದು ಗಣಿಗೆ ಹತ್ತಿರವಿದ್ದ ಕಾರಣದಿಂದ. ರಸ್ತೆ, ದೀಪ, ನೀರು, ಆಸ್ಪತ್ರೆ, ಮನೆ ಎಲ್ಲವೂ ಕಂಪನಿಯದೇ. ಬೇರೆ ಊರುಗಳಲ್ಲಿ ಪುರಸಭೆಯೂ ಕಂದಾಯ ಇಲಾಖೆಯೂ ಇಟ್ಟಿರಬಹುದಾದ ಲೆಕ್ಕಗಳಲ್ಲಿ ಬಹುಪಾಲನ್ನು ಇಲ್ಲಿ ಗಣಿಯ ಕಚೇರಿಯೇ ಇಟ್ಟಿತ್ತು. ಅದರ ಪರಿಣಾಮವನ್ನು ಗಣಿ ಮುಚ್ಚಿದ ಮೇಲೆ ಜನರು ಅನುಭವಿಸಬೇಕಾಯಿತು.

ಕಾರ್ಮಿಕರು ಮತ್ತು ಲೈನ್ ಮನೆಗಳು

ಗಣಿಯ ಒಳಗಿನ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಅಂದಿನ ಮದರಾಸು ಪ್ರಾಂತ್ಯದ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಸೀಮೆಯ ಬಡ ಕೃಷಿ ಕೂಲಿಗಳು. ಅವರಲ್ಲಿ ಬಹುಸಂಖ್ಯಾತರು ಇಂದು ಪರಿಶಿಷ್ಟ ಜಾತಿಗಳೆಂದು ಗುರುತಿಸಲಾಗುವ ಸಮುದಾಯಗಳಿಗೆ ಸೇರಿದವರು. ಬರಗಾಲ, ಜಮೀನ್ದಾರರ ಸಾಲ ಮತ್ತು ಊರಿನ ಕಟ್ಟುಪಾಡುಗಳಿಂದ ಬಿಡಿಸಿಕೊಂಡು ಬಂದವರಿಗೆ ಗಣಿಯಲ್ಲಿ ನಗದು ಕೂಲಿ ದೊರೆಯಿತು. ಅದರ ಬೆಲೆಯೂ ದೊಡ್ಡದೇ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಗಣಿಗಳಲ್ಲಿ 20 ಸಾವಿರಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಮೇಲ್ವಿಚಾರಣೆಯ ಹುದ್ದೆಗಳಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಗಣಿಗಾರರು, ಇಟಲಿಯವರು ಮತ್ತು ಆಂಗ್ಲೋ ಇಂಡಿಯನ್ನರು ಇದ್ದರು. ಅವರಿಗಾಗಿ ಹೆಂಚಿನ ಬಂಗಲೆ, ಕ್ಲಬ್ಬು, ಆಟದ ಮೈದಾನಗಳಾದವು. ಆ ಭಾಗವನ್ನು ನೋಡಿದವರು ಪಟ್ಟಣವನ್ನು ಪುಟ್ಟ ಇಂಗ್ಲೆಂಡ್ ಎಂದು ಕರೆದರು. ಕಾರ್ಮಿಕರು ಇದ್ದುದು ಬಿದಿರ ತಟ್ಟಿಯ ಗೋಡೆಗಳ ಒಂದೇ ಕೋಣೆಯ ಸಾಲುಮನೆಗಳಲ್ಲಿ. ಈ ಸಾಲುಗಳಿಗೆ ಲೈನ್ ಎಂಬ ಹೆಸರು ಇಂದಿಗೂ ಇದೆ. ಆ ಹೊಗಳಿಕೆಯ ಹೆಸರು ಪಟ್ಟಣದ ಯಾವ ಭಾಗಕ್ಕೆ ಸಲ್ಲುತ್ತಿತ್ತು ಎಂಬುದನ್ನು ಹೇಳದೆ ಬಿಟ್ಟರೆ ವಿವರ ಅಪೂರ್ಣವಾದೀತು.

ಚಾಂಪಿಯನ್ ರೀಫ್ ಗಣಿಯು ಕಾಲಕ್ರಮೇಣ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತು. ಅಷ್ಟು ಆಳದಲ್ಲಿ ಬಂಡೆಯೇ ಕೈಸುಡುವಷ್ಟು ಬಿಸಿ ಇರುತ್ತದೆ. ತಂಪುಗಾಳಿಯನ್ನು ಯಂತ್ರದ ಮೂಲಕ ಕೆಳಗೆ ಕಳುಹಿಸದೆ ಮನುಷ್ಯರು ಅಲ್ಲಿ ಕೆಲಸ ಮಾಡಲಾಗದು. ಮೇಲಿನ ಭಾರಕ್ಕೆ ಬಂಡೆಯು ಇದ್ದಕ್ಕಿದ್ದಂತೆ ಸಿಡಿಯುವ ಅಪಾಯ ಸದಾ ಇತ್ತು. ಭೂಮಿಯ ಮೇಲಿನ ಮನೆಗಳಲ್ಲಿಯೂ ಆ ನಡುಕ ತಿಳಿಯುತ್ತಿತ್ತು. ಸಿಡಿದ ಸದ್ದು ಕೇಳಿದೊಡನೆ ಪಾಳಿಗೆ ಹೋದವರ ಮನೆಯವರು ಗಣಿಬಾಯಿಯ ಬಳಿ ಬಂದು ನಿಲ್ಲುತ್ತಿದ್ದರು. ಬಂಡೆ ಕೊರೆಯುವಾಗ ಏಳುವ ಸಣ್ಣ ಧೂಳು ಶ್ವಾಸಕೋಶದಲ್ಲಿ ನಿಂತು ಸಿಲಿಕೋಸಿಸ್ ಎಂಬ ಗುಣವಾಗದ ಕಾಯಿಲೆ ಬರುತ್ತಿತ್ತು. 1940ರ ದಶಕದಲ್ಲಿ ಇಲ್ಲಿನ ಸಾವಿರಾರು ಕಾರ್ಮಿಕರನ್ನು ಪರೀಕ್ಷಿಸಿದಾಗ ಪ್ರತಿ ಹತ್ತು ಮಂದಿಯಲ್ಲಿ ನಾಲ್ವರಿಗೂ ಹೆಚ್ಚು ಜನರಲ್ಲಿ ಈ ಕಾಯಿಲೆ ಕಂಡುಬಂದಿತ್ತು.

ಇದೇ ಆಳವು ವಿಜ್ಞಾನಕ್ಕೆ ಅನುಕೂಲವಾದುದು ಇನ್ನೊಂದು ಸಂಗತಿ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳೊಡನೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣದ ಗುರುತನ್ನು ಈ ಗಣಿಯೊಳಗೆ ಪತ್ತೆಮಾಡಿದರು.

ಲೈನ್ ಮನೆಗಳಲ್ಲಿ ಬದುಕಿದವರು ಕೇವಲ ದುಡಿಮೆಗಾರರಾಗಿ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಮಾರಿಕುಪ್ಪಂನಲ್ಲಿ ಅಯೋತಿದಾಸ ಪಂಡಿತರ ಪ್ರೇರಣೆಯಿಂದ ಬೌದ್ಧ ಸಂಘ ಸ್ಥಾಪನೆಯಾಯಿತು. ಶಾಲೆಗಳಾದವು, ಸಭೆಗಳಾದವು. 1930ರಲ್ಲಿ ಕಾರ್ಮಿಕರೆಲ್ಲರೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕ್ರಮವನ್ನು ವಿರೋಧಿಸಿ ಸುಮಾರು ಮೂರು ವಾರ ಮುಷ್ಕರ ನಡೆಯಿತು. ತಮ್ಮನ್ನು ಕಳ್ಳರಂತೆ ಕಾಣಲಾಗುತ್ತಿದೆ ಎಂಬುದು ಅವರ ಆಕ್ಷೇಪ. ಅಂದು ದಾಖಲೆಗೆ ಬೆರಳೊತ್ತಲು ನಿರಾಕರಿಸಿದವರ ಮೊಮ್ಮಕ್ಕಳು ಇಂದು ಅಜ್ಜನ ಹೆಸರಿರುವ ಒಂದು ದಾಖಲೆಗಾಗಿ ಅಲೆಯುತ್ತಿರುವರು. ಎರಡೂ ಸಂದರ್ಭಗಳಲ್ಲಿ ಅವರ ಅಹವಾಲು ನ್ಯಾಯವಾದುದೇ.

ಒಡೆತನದ ಬದಲಾವಣೆ: ದಾಖಲೆ ಓದುವ ಬಗೆ

ಸೇವಾ ಪುಸ್ತಕ, ಕೂಲಿ ಚೀಟಿ, ಭವಿಷ್ಯನಿಧಿ ಪತ್ರ ಮುಂತಾದವುಗಳ ಮೇಲಿರುವ ಕಂಪನಿಯ ಹೆಸರಿನಿಂದ ಕಾಗದದ ಕಾಲವನ್ನು ಅಂದಾಜು ಮಾಡಬಹುದು. ದಿನಾಂಕ ಅಳಿಸಿಹೋದ ಕಾಗದಗಳ ವಿಷಯದಲ್ಲಿ ಇದು ವಿಶೇಷವಾಗಿ ಸಹಕಾರಿ.

ಮೈಸೂರು, ಚಾಂಪಿಯನ್ ರೀಫ್, ನಂದಿದುರ್ಗ ಮುಂತಾದ ಖಾಸಗಿ ಕಂಪನಿಗಳ ಹೆಸರು ಇದ್ದಲ್ಲಿ ಅದು 1956ಕ್ಕೆ ಹಿಂದಿನದು. 1956ರ ನವೆಂಬರ್ ಕೊನೆಯಲ್ಲಿ ಅಂದಿನ ಮೈಸೂರು ರಾಜ್ಯ ಸರ್ಕಾರವು ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. ಕೋಲಾರ್ ಗೋಲ್ಡ್ ಮೈನಿಂಗ್ ಅಂಡರ್‌ಟೇಕಿಂಗ್ಸ್ ಎಂಬ ಹೆಸರು ಇದ್ದಲ್ಲಿ ಅದು ಆ ನಂತರದ್ದು. 1962ರ ಡಿಸೆಂಬರಿನಲ್ಲಿ ಗಣಿಗಳು ಕೇಂದ್ರ ಸರ್ಕಾರಕ್ಕೆ ಹಸ್ತಾಂತರವಾದವು. 1972ರ ಏಪ್ರಿಲ್ 1ರಿಂದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಕೇಂದ್ರ ಸರ್ಕಾರಿ ಕಂಪನಿ ಅಸ್ತಿತ್ವಕ್ಕೆ ಬಂದಿತು. ಜನರ ಬಾಯಲ್ಲಿ ಅದು ಬಿ.ಜಿ.ಎಂ.ಎಲ್. ಹೀಗೆ ಒಬ್ಬನೇ ಕಾರ್ಮಿಕ ಒಂದೇ ಗಣಿಬಾಯಿಯಲ್ಲಿ, ಒಂದೇ ಲೈನ್ ಮನೆಯಲ್ಲಿದ್ದು ಮೂರು ನಾಲ್ಕು ಹೆಸರಿನ ಮಾಲೀಕರ ಕೈಕೆಳಗೆ ದುಡಿದಿರಬಹುದು. ಒಂದೇ ಕುಟುಂಬದ ಕಾಗದಗಳಲ್ಲಿ ಬೇರೆಬೇರೆ ಮಾಲೀಕರ ಹೆಸರಿರುವುದನ್ನು ಪರಸ್ಪರ ವಿರೋಧವೆಂದು ಭಾವಿಸಬಾರದು.

ಲಾಭ ನಷ್ಟದ ಪ್ರಶ್ನೆ

ಆರಂಭದ ವರ್ಷಗಳಲ್ಲಿ ಪ್ರತಿ ಟನ್ ಅದುರಿನಲ್ಲಿ 40 ಗ್ರಾಂಗೂ ಹೆಚ್ಚು ಚಿನ್ನ ದೊರೆಯುತ್ತಿದ್ದುದು ಕೊನೆಯ ವರ್ಷಗಳಲ್ಲಿ ಸುಮಾರು 3 ರಿಂದ 4 ಗ್ರಾಂಗೆ ಇಳಿಯಿತು. ಆಳ ಹೆಚ್ಚಿದಂತೆ ಅದುರನ್ನು ಮೇಲೆತ್ತುವ, ನೀರು ಹೊರಹಾಕುವ, ಗಾಳಿ ತಂಪು ಮಾಡುವ ಖರ್ಚುಗಳು ಬೆಳೆದವು. ಇದು ಎಲ್ಲರೂ ಒಪ್ಪುವ ಮಾತು. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡತಕ್ಕದ್ದು. ಗಣಿಗಳು ಕೇಂದ್ರಕ್ಕೆ ಸೇರಿದ ಆರಂಭದ ವರ್ಷಗಳಲ್ಲಿ ಇಲ್ಲಿನ ಚಿನ್ನವನ್ನು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅಧಿಕೃತ ದರದಲ್ಲಿ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಆ ದರ ಔನ್ಸ್‌ಗೆ 35 ಡಾಲರ್ ಮಾತ್ರ. ದೇಶದ ಪೇಟೆಯಲ್ಲಿನ ಧಾರಣೆ ಅದಕ್ಕಿಂತ ಬಹಳ ಮೇಲಿತ್ತು. ಸರಕನ್ನು ಪೇಟೆ ಬೆಲೆಗಿಂತ ಕಡಿಮೆ ದರದಲ್ಲಿ ಒಪ್ಪಿಸುವ ಯಾವ ಉದ್ಯಮದ ಪುಸ್ತಕದಲ್ಲಿಯೂ ನಷ್ಟ ಕಾಣುವುದು ಆಶ್ಚರ್ಯವಲ್ಲ. ಹಾಗೆಂದು ಆ ದರವೇ ಗಣಿ ಮುಚ್ಚಲು ಕಾರಣವೆಂದು ಹೇಳಲಾಗದು. ಕೊನೆಯ ದಶಕದ ನಷ್ಟಕ್ಕೆ ಅದುರಿನ ಸತ್ವ ಕುಗ್ಗಿದ್ದೇ ಮುಖ್ಯ ಕಾರಣ. ಆದರೆ ಗಣಿಯು ಮೊದಲಿನಿಂದಲೂ ಸರ್ಕಾರಕ್ಕೆ ಹೊರೆಯಾಗಿತ್ತು ಎಂಬ ಮಾತು ಪೂರ್ಣ ಸರಿಯಲ್ಲ.

ಗಣಿಗಳ ಜೀವಿತಾವಧಿಯಲ್ಲಿ ಒಟ್ಟು ಸುಮಾರು 800 ಟನ್ ಚಿನ್ನ ಹೊರಬಂದಿದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಮುಚ್ಚುಗಡೆ ಮತ್ತು ನಂತರದ ಸ್ಥಿತಿ

1992ರಲ್ಲಿ ಕಂಪನಿಯ ವಿಷಯವು ರೋಗಗ್ರಸ್ತ ಕೈಗಾರಿಕೆಗಳ ಮಂಡಳಿಯ ಮುಂದೆ ಹೋಯಿತು. ಪುನಶ್ಚೇತನ ಸಾಧ್ಯವಿಲ್ಲವೆಂದು 2000ದಲ್ಲಿ ಮಂಡಳಿ ಅಭಿಪ್ರಾಯಪಟ್ಟಿತು. 2001ರ ಫೆಬ್ರವರಿ 28 ಗಣಿಯ ಕೊನೆಯ ದಿನ. ಆಗ ಉಳಿದಿದ್ದ ನೌಕರರು ಸುಮಾರು 3,500 ಮಂದಿ. ಮುಚ್ಚುಗಡೆಯನ್ನು ಪ್ರಶ್ನಿಸಿ ಕಾರ್ಮಿಕ ಸಂಘಗಳು ನ್ಯಾಯಾಲಯದ ಮೊರೆ ಹೋದವು. ಕಾರ್ಮಿಕರ ಸಹಕಾರ ಸಂಘಕ್ಕೇ ಗಣಿಯನ್ನು ವಹಿಸಬೇಕೆಂಬ ಬೇಡಿಕೆಯೂ ಇತ್ತು. ಆಸ್ತಿಗಳನ್ನು ಜಾಗತಿಕ ಟೆಂಡರ್ ಮೂಲಕ ವಿಲೇ ಮಾಡುವ ಕೇಂದ್ರದ ನಿರ್ಧಾರಕ್ಕೆ 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಅನುಮತಿ ನೀಡಿತು. ಪಂಪುಗಳು ನಿಂತ ಮೇಲೆ ಗಣಿಯೊಳಗೆ ನೀರು ತುಂಬಿತು. ಗಣಿಬಾಯಿಗಳ ಮೇಲಿನ ಉಕ್ಕಿನ ಗೋಪುರಗಳು ದೂರಕ್ಕೆ ಕಾಣುತ್ತಿದ್ದರೂ ಅವುಗಳ ತಿರುಗಣೆಗಳು ನಿಂತಿವೆ.

ಪಟ್ಟಣದಲ್ಲಿ ಬಿ.ಇ.ಎಂ.ಎಲ್. ಕಾರ್ಖಾನೆ ಇರುವುದರಿಂದ ಕೆಲವರಿಗೆ ಉದ್ಯೋಗದ ಆಸರೆ ದೊರೆಯಿತು. ಉಳಿದ ಸಾವಿರಾರು ಮಂದಿಗೆ ದುಡಿಮೆಯ ಸ್ಥಳ ಬೆಂಗಳೂರಾಯಿತು. ಬೆಳಗಿನ ಜಾವದ ರೈಲಿನಲ್ಲಿ ಹೋಗಿ ರಾತ್ರಿ ಮರಳುವ ಜೀವನಕ್ರಮಕ್ಕೆ ಊರು ಹೊಂದಿಕೊಂಡಿದೆ. ಗಣಿಗಾಗಿ ಹಾಕಿದ 1894ರ ರೈಲು ಮಾರ್ಗವೇ ಗಣಿ ನಿಂತ ಮೇಲೆ ಊರಿನ ಜೀವನಾಡಿಯಾಗಿ ಉಳಿಯಿತು. ಗಣಿಯ ಪಾಳಿ ತಪ್ಪಿದರೂ ಪಾಳಿಯ ಬದುಕು ತಪ್ಪಲಿಲ್ಲ. ಬೆಂಗಳೂರು ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಬೇತಮಂಗಲದ ಬಳಿ ಹಾದುಹೋಗುವುದರಿಂದ ಕೈಗಾರಿಕೆಗಳು ಬರಬಹುದೆಂಬ ನಿರೀಕ್ಷೆ ಈಗ ಇದೆ.

ಅದುರನ್ನು ಪುಡಿಮಾಡಿ ಸಯನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಸಣ್ಣ ಮರಳಿನ ದಿಬ್ಬಗಳು ಪಟ್ಟಣದ ನಡುವೆಯೇ ಇವೆ. ಹೊರಗಿನವರು ಚಲನಚಿತ್ರಗಳಲ್ಲಿ ಕಂಡು ಗುರುತಿಸುವುದು ಇವನ್ನೇ. 2018 ಮತ್ತು 2022ರಲ್ಲಿ ಪಟ್ಟಣದ ಹೆಸರಿನಲ್ಲಿಯೇ ಬಂದ ಕನ್ನಡ ಚಿತ್ರಗಳ ಕಥೆ ಕಲ್ಪಿತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗಾಳಿಯ ದಿನಗಳಲ್ಲಿ ಈ ದಿಬ್ಬಗಳ ಧೂಳು ಮನೆಗಳೊಳಗೆ ಬರುವುದು ನಿವಾಸಿಗಳ ಬಹುಕಾಲದ ದೂರು. ಇಂತಹ 13 ದಿಬ್ಬಗಳಲ್ಲಿ ಮೂರು ಕೋಟಿ ಟನ್‌ಗೂ ಹೆಚ್ಚು ತ್ಯಾಜ್ಯ ಇದೆಯೆಂದೂ ಅದರಲ್ಲಿ ಅಲ್ಪ ಪ್ರಮಾಣದ ಚಿನ್ನ ಉಳಿದಿದೆಯೆಂದೂ ಅಂದಾಜು. ಸುಮಾರು 1,003 ಎಕರೆಯಲ್ಲಿ ಹರಡಿರುವ ಈ ದಿಬ್ಬಗಳಲ್ಲಿ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು 2024ರ ಜೂನ್ ತಿಂಗಳಿನಲ್ಲಿ ಸಮ್ಮತಿ ನೀಡಿತು. ಇದು ಮೇಲ್ಮೈ ರಾಶಿಗೆ ಸಂಬಂಧಿಸಿದ ಕ್ರಮವೇ ಹೊರತು ಆಳದ ಗಣಿಗಳನ್ನು ಮತ್ತೆ ತೆರೆಯುವ ಕ್ರಮವಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಿ ಉದ್ಯೋಗದ ಆಸೆ ತೋರಿಸಿ ಹಣ ಕೇಳುವವರನ್ನು ಸಾರ್ವಜನಿಕರು ನಂಬಬಾರದು.

ಜಾತಿ ಪ್ರಮಾಣಪತ್ರ: 1950ರ ದಿನಾಂಕದ ಮಹತ್ವ

ಕೆ.ಜಿ.ಎಫ್. ಮೂಲದ ಅರ್ಜಿದಾರರಿಗೆ ಅತಿ ಮುಖ್ಯವಾದುದು ಈ ಭಾಗ.

ಪರಿಶಿಷ್ಟ ಜಾತಿಗಳ ಪಟ್ಟಿಯು ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು. ರಾಷ್ಟ್ರಪತಿಯವರ ಮೊದಲ ಆದೇಶ ಹೊರಟಿದ್ದು 1950ರ ಆಗಸ್ಟ್ 10ರಂದು. ಒಬ್ಬ ವ್ಯಕ್ತಿಯು ಯಾವ ರಾಜ್ಯದ ಪರಿಶಿಷ್ಟ ಜಾತಿಗೆ ಸೇರಿದವನೆಂಬುದನ್ನು, ಆ ದಿನಾಂಕದಂದು ಆತನ ಅಥವಾ ಆತನ ಹಿರಿಯರ ಖಾಯಂ ವಾಸಸ್ಥಳ ಯಾವ ರಾಜ್ಯದಲ್ಲಿತ್ತು ಎಂಬುದರ ಮೇಲೆ ನಿರ್ಧರಿಸಲಾಗುತ್ತದೆ. ಆ ದಿನಾಂಕದ ನಂತರ ಬೇರೆ ರಾಜ್ಯದಿಂದ ವಲಸೆ ಬಂದವರು ತಮ್ಮ ಮೂಲ ರಾಜ್ಯದ ಪರಿಶಿಷ್ಟ ಜಾತಿಯವರಾಗಿಯೇ ಉಳಿಯುವರು. ವಲಸೆ ಬಂದ ರಾಜ್ಯದ ಮೀಸಲಾತಿ ಸೌಲಭ್ಯ ಅವರಿಗೆ ದೊರೆಯುವುದಿಲ್ಲ. 1990ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ತತ್ವವನ್ನು ಎತ್ತಿಹಿಡಿದಿದೆ.

ಹೀಗಾಗಿ ಮನೆಮಾತು ತಮಿಳು ಅಥವಾ ತೆಲುಗು ಎಂಬುದಾಗಲಿ, ಕುಲದೇವರ ಗುಡಿ ಗಡಿಯಾಚೆ ಇದೆ ಎಂಬುದಾಗಲಿ ಇಲ್ಲಿ ನಿರ್ಣಾಯಕವಲ್ಲ. ಕುಟುಂಬವು 1950ರ ಆಗಸ್ಟ್ 10ಕ್ಕೆ ಮೊದಲೇ ಗಣಿ ಪ್ರದೇಶದಲ್ಲಿ ಖಾಯಂ ಆಗಿ ನೆಲೆಸಿತ್ತು ಎಂಬುದನ್ನು ತೋರಿಸುವುದೇ ಮುಖ್ಯ. ಆದಿ ದ್ರಾವಿಡ ಜಾತಿಯು ಕರ್ನಾಟಕದ ಪಟ್ಟಿಯಲ್ಲಿ ಇದೆ. ಅಜ್ಜನೋ ಮುತ್ತಜ್ಜನೋ ಖಾಸಗಿ ಕಂಪನಿಗಳ ಕಾಲದಲ್ಲಿ ಇಲ್ಲಿ ಕೆಲಸಕ್ಕೆ ಸೇರಿದ್ದಲ್ಲಿ, ಆ ಕಾಲದ ಸೇವಾ ಪ್ರಮಾಣಪತ್ರ, ಇಲ್ಲಿನ ಶಾಲೆಯ ದಾಖಲಾತಿ ಪುಸ್ತಕದ ಉದ್ಧೃತ ಭಾಗ, ಇಲ್ಲಿ ಜನಿಸಿದ್ದರ ಅಥವಾ ಮರಣಿಸಿದ್ದರ ನೋಂದಣಿ, ಹಳೆಯ ಮತದಾರರ ಪಟ್ಟಿಯ ನಕಲು ಇವುಗಳಲ್ಲಿ ದೊರೆತದ್ದನ್ನು ಲಗತ್ತಿಸುವುದು ಸೂಕ್ತ. ಮುದುಡಿದ, ಹರಿದ ಕೂಲಿ ಚೀಟಿಯನ್ನು ಕೆಲಸಕ್ಕೆ ಬಾರದ್ದೆಂದು ಎಸೆಯಬಾರದು. ಮೂಲವನ್ನು ಪರಿಶೀಲನೆಗೆ ತೋರಿಸಿ ನಕಲನ್ನು ಮಾತ್ರ ಸಲ್ಲಿಸತಕ್ಕದ್ದು.

ಮತದ ವಿಷಯದಲ್ಲಿಯೂ ಒಂದು ಸ್ಪಷ್ಟನೆ ಅಗತ್ಯ. ಹಿಂದೂ, ಸಿಖ್ ಮತ್ತು ಬೌದ್ಧ ಧರ್ಮದವರು ಮಾತ್ರ ಪರಿಶಿಷ್ಟ ಜಾತಿಯವರೆಂದು ಪರಿಗಣಿತರಾಗುವರು. ಬೌದ್ಧರನ್ನು ಸೇರಿಸಿದ್ದು 1990ರ ತಿದ್ದುಪಡಿಯಿಂದ. ಮಾರಿಕುಪ್ಪಂ, ಚಾಂಪಿಯನ್ ರೀಫ್ ಭಾಗಗಳಲ್ಲಿ ಒಂದು ಶತಮಾನದಿಂದ ಬೌದ್ಧ ಕುಟುಂಬಗಳು ಇರುವುದರಿಂದ, ತಂದೆಯ ಹಳೆಯ ದಾಖಲೆಯಲ್ಲಿ ಬೌದ್ಧ ಎಂದು ಇರುವುದನ್ನು ಅಡ್ಡಿಯೆಂದು ತಿಳಿದು ಮರೆಮಾಚುವ ಕಾರಣವಿಲ್ಲ. ಇದ್ದುದನ್ನು ಇದ್ದಂತೆ ತಿಳಿಸುವುದೇ ಕ್ಷೇಮ.

ಅರ್ಜಿಯನ್ನು ನಾಡಕಚೇರಿಯ ಮೂಲಕ ತಹಶೀಲ್ದಾರರಿಗೆ ಸಲ್ಲಿಸತಕ್ಕದ್ದು. ಸಕಾಲ ಅಧಿನಿಯಮದ ಅನ್ವಯ ನೀಡುವ ಜಿ.ಎಸ್.ಸಿ. ಸಂಖ್ಯೆಯ ಸ್ವೀಕೃತಿಯನ್ನು ತಪ್ಪದೆ ಪಡೆಯಬೇಕು. ತಹಶೀಲ್ದಾರರು ಅರ್ಜಿಯನ್ನು ತಿರಸ್ಕರಿಸಿದಲ್ಲಿ ಕಾರಣ ತಿಳಿಸಿದ ಲಿಖಿತ ಆದೇಶ ಪಡೆದು 30 ದಿನಗಳೊಳಗಾಗಿ ಸಹಾಯಕ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು. ಬಾಯಿಮಾತಿನ ನಿರಾಕರಣೆಯಿಂದ ಹಿಂದಿರುಗಿದವರಿಗೆ ಮೇಲ್ಮನವಿ ಸಲ್ಲಿಸಲು ಆಧಾರವೇ ಇರುವುದಿಲ್ಲ.

ವಾಸಸ್ಥಳ ಮತ್ತು ಮನೆಯ ಹಕ್ಕು

ವಾಸಸ್ಥಳ ದೃಢೀಕರಣ ಪತ್ರವು ಒಬ್ಬರು ಎಲ್ಲಿ ವಾಸವಾಗಿದ್ದಾರೆಂಬುದನ್ನು ಮಾತ್ರ ದೃಢೀಕರಿಸುತ್ತದೆ. ಮನೆ ಅವರದೆಂದು ಅದು ಹೇಳುವುದಿಲ್ಲ. ಲೈನ್ ಮನೆಗಳೂ ಅವುಗಳ ನೆಲವೂ ಗಣಿ ಕಂಪನಿಗೆ ಸೇರಿದ್ದವು. ಆದ್ದರಿಂದ ಎರಡು ಮೂರು ತಲೆಮಾರು ಅಲ್ಲಿಯೇ ಬದುಕಿದವರೂ ವಾಸದ ಆಧಾರದ ಮೇಲಷ್ಟೇ ತಮ್ಮ ಹೆಸರಿಗೆ ಖಾತೆ ಕೋರಲು ಬರುವುದಿಲ್ಲ. ಹಕ್ಕುಪತ್ರ ಅಥವಾ ಕ್ರಯಪತ್ರ ಬೇಕಾಗುತ್ತದೆ. ಲೈನ್ ಮನೆಯ ಸ್ವಾಧೀನವನ್ನು ಬರಿಯ ಛಾಪಾ ಕಾಗದದ ಮೇಲಿನ ಒಪ್ಪಂದದಿಂದ ಹಣ ಕೊಟ್ಟು ಪಡೆಯುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಅಂತಹ ಕಾಗದದಿಂದ ಮಾಲೀಕತ್ವ ಹುಟ್ಟುವುದಿಲ್ಲ.

ಮಾಹಿತಿ ಹಕ್ಕು ಅರ್ಜಿಗಳು

ಬಿ.ಜಿ.ಎಂ.ಎಲ್. ಕೇಂದ್ರ ಗಣಿ ಸಚಿವಾಲಯದ ಅಧೀನಕ್ಕೆ ಸೇರಿದ ಕಂಪನಿಯಾದ ಕಾರಣ, ಅದರ ನೌಕರರ ಸೇವಾ ವಿವರ, ಬಾಕಿ ಪಾವತಿ, ಮನೆ ಹಂಚಿಕೆ ಮುಂತಾದ ವಿಷಯಗಳ ಬಗ್ಗೆ ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿ ಕೋರಿಕೆಯನ್ನು ಕೇಂದ್ರದ ಸಂಬಂಧಪಟ್ಟ ಮಾಹಿತಿ ಅಧಿಕಾರಿಗೆ ಸಲ್ಲಿಸುವುದು ಸರಿಯಾದ ಕ್ರಮ. ತಪ್ಪಾಗಿ ರಾಜ್ಯದ ಕಚೇರಿಗೆ ಸಲ್ಲಿಸಿದ್ದರೂ ಅಧಿನಿಯಮದ 6(3)ನೇ ಪ್ರಕರಣದಂತೆ 5 ದಿನಗಳೊಳಗೆ ಅದನ್ನು ಸಂಬಂಧಪಟ್ಟವರಿಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸತಕ್ಕದ್ದು. ಭವಿಷ್ಯನಿಧಿ ಪಿಂಚಣಿಯ ವಿಚಾರಣೆಗೆ ಭವಿಷ್ಯನಿಧಿ ಸಂಘಟನೆಯನ್ನೇ ನೇರವಾಗಿ ಸಂಪರ್ಕಿಸುವುದು ಒಳಿತು.

ಕೋರಿಕೆಯಲ್ಲಿ ನೌಕರನ ಹೆಸರನ್ನು ಹಳೆಯ ದಾಖಲೆಯಲ್ಲಿ ಇರುವ ಅಕ್ಷರಗಳಲ್ಲಿಯೇ ಬರೆಯಬೇಕು. ತಂದೆಯ ಹೆಸರು, ಗಣಿ ಅಥವಾ ಗಣಿಬಾಯಿಯ ಹೆಸರು, ಟಿಕೆಟ್ ಸಂಖ್ಯೆ ಗೊತ್ತಿದ್ದಲ್ಲಿ ಅದನ್ನೂ ನಮೂದಿಸತಕ್ಕದ್ದು. ಒಂದೇ ಹೆಸರಿನ ಹತ್ತಾರು ಮಂದಿ ಒಂದೇ ಗಣಿಯಲ್ಲಿ ದುಡಿದಿರುವರು. ಅವರನ್ನು ಬೇರ್ಪಡಿಸಿ ಗುರುತಿಸಲು ಕಚೇರಿಗೆ ಇರುವ ದಾರಿ ಟಿಕೆಟ್ ಸಂಖ್ಯೆ. ಮನೆಯ ಹಿರಿಯರಿಗೆ ಅದು ಬಾಯಿಪಾಠವಾಗಿರುವುದುಂಟು. ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಲು ಕೋರಲಾಗಿದೆ.